ಶ್ರೀರಂಗಪಟ್ಟಣದಲ್ಲಿ ಹೋದ ಮೂಗು ಪುಣೆಯಲ್ಲಿ ಮರಳಿತು

ಶ್ರೀರಂಗಪಟ್ಟಣ: ದೊರೆಗಳು, ದಳವಾಯಿಗಳು, ಗವರ್ನರ್ ಜನರಲ್‌ಗಳ ಹೆಸರುಗಳಿಂದ ತುಂಬಿರುವ ಶ್ರೀರಂಗಪಟ್ಟಣದ ಇತಿಹಾಸದ ಅಂಚಿನಲ್ಲಿ ಒಬ್ಬ ಎತ್ತಿನಾಳಿನ ಹೆಸರೂ ಇದೆ. ಆತ ಕೋಟೆ ಗೆದ್ದವನಲ್ಲ, ಕೋಟೆ ಕಾಯ್ದವನೂ ಅಲ್ಲ. ಸೈನ್ಯದ ಹಿಂದೆ ಎತ್ತು ಹೊಡೆದುಕೊಂಡು ಬಂದವನು. ಆದರೂ ಜಗತ್ತಿನ ಯಾವ ಮೂಲೆಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯನ್ನು ಬೋಧಿಸಿದರೂ ಆತನ ಹೆಸರು ಬರುತ್ತದೆ, ಆತನ ಚಿತ್ರವೂ ಬರುತ್ತದೆ. ಆ ಹೆಸರು ಕಾವಸ್‌ಜಿ.

1792ರ ಯುದ್ಧದಲ್ಲಿ ಕಾವಸ್‌ಜಿ ಮೂಗು ಕಳೆದುಕೊಂಡ. ಮರುವರ್ಷ ಪುಣೆಯ ಬಳಿ ಆತನ ಹಣೆಯ ಚರ್ಮದಿಂದಲೇ ಆತನಿಗೆ ಹೊಸ ಮೂಗು ಬಂತು. ದೇಹದ ಒಂದು ಕಡೆಯಿಂದ ಎತ್ತಿದ ಅಂಗಾಂಶ ಇನ್ನೊಂದು ಕಡೆ ಬದುಕಬೇಕಾದರೆ ಏನು ಬೇಕು ಎಂಬ ಪ್ರಶ್ನೆಗೆ ಆ ಶಸ್ತ್ರಚಿಕಿತ್ಸೆ ಒಂದು ಉತ್ತರ ನೀಡಿತ್ತು. ಚರ್ಮರೋಗದಿಂದ ಕೆನ್ನೆ, ಹಣೆ ಗುಳಿಬಿದ್ದವರ ಮುಖಕ್ಕೆ ಅವರದೇ ಹೊಟ್ಟೆಯ ಕೊಬ್ಬನ್ನು ತುಂಬುವ ಇಂದಿನ ಚಿಕಿತ್ಸೆಯೂ ಅದೇ ಪ್ರಶ್ನೆಯ ಮೇಲೆ ನಿಂತಿದೆ.

ಎತ್ತುಗಳ ಯುದ್ಧ

ಕಾವಸ್‌ಜಿ ಎಂಬ ಹೆಸರು ಪಾರಸಿಗಳ ಹೆಸರಿನಂತೆ ಕೇಳಿಸಿದರೂ ಆತ ಮರಾಠಾ ರೈತ ಕುಲದವನೆಂದು ಅಂದಿನ ಬರಹ ಹೇಳುತ್ತದೆ. ನೇಗಿಲು ಹಿಡಿದು ಬಾಳಬೇಕಿದ್ದ ಮನುಷ್ಯ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಆಳಾಗಿ ಸೇರಿದ್ದ. ಆ ಕಾಲದ ಯುದ್ಧದಲ್ಲಿ ಅದು ಸಣ್ಣ ಕೆಲಸವೇನಲ್ಲ. ಸಿಪಾಯಿಯ ಅಕ್ಕಿ, ಕುದುರೆಯ ಹುರುಳಿ, ಫಿರಂಗಿಯ ಮದ್ದುಗುಂಡು ಎಲ್ಲವೂ ಎತ್ತಿನ ಬೆನ್ನ ಮೇಲೆ ಅಥವಾ ಬಂಡಿಯಲ್ಲಿಯೇ ಸಾಗಬೇಕಿತ್ತು. ಎತ್ತು ನಿಂತರೆ ದಂಡು ನಿಂತಂತೆಯೇ.

ಮೂರನೆಯ ಮೈಸೂರು ಯುದ್ಧದಲ್ಲಿ ಈ ಸತ್ಯ ಎಲ್ಲರಿಗೂ ಮನವರಿಕೆಯಾಯಿತು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ. ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ ಕೋಟೆಗೆ ಮುತ್ತಿಗೆ ಹಾಕಲು ಆತನಿಗೆ ಸಾಧ್ಯವಾಗಲಿಲ್ಲ. ಮಳೆ ಹಿಡಿದಿತ್ತು, ದವಸ ಮುಗಿದಿತ್ತು, ಸಾವಿರಾರು ಎತ್ತುಗಳು ಸತ್ತುಬಿದ್ದಿದ್ದವು. ಎಳೆಯುವ ಎತ್ತುಗಳಿಲ್ಲದ ಕಾರಣ ಕನ್ನಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಕಾರ್ನ್‌ವಾಲಿಸ್ ಹಿಂದಿರುಗಿದ. ಆ ಹಳೆಯ ಕನ್ನಂಬಾಡಿ ಇಂದು ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ. ಅದರ ಹಿನ್ನೀರು ಕೆ.ಆರ್. ಪೇಟೆ ತಾಲ್ಲೂಕಿನವರೆಗೂ ಚಾಚಿದೆ.

ಹಿಮ್ಮೆಟ್ಟುತ್ತಿದ್ದ ಇಂಗ್ಲಿಷ್ ಸೈನ್ಯಕ್ಕೆ ಮೇಲುಕೋಟೆಯ ಸೀಮೆಯಲ್ಲಿ ಮರಾಠಾ ದಂಡು ಬಂದು ಕೂಡಿಕೊಂಡಿತು. ಆ ದಂಡಿನ ಸಂತೆಯಲ್ಲಿ ಸಿಕ್ಕ ದವಸ ಹಸಿದವರ ಜೀವ ಉಳಿಸಿತು. ಮುಂದಿನ ತಿಂಗಳುಗಳಲ್ಲಿ ಎತ್ತಿನ ಹಿಂಡುಗಳೊಡನೆ ದೇಶ ಸುತ್ತುತ್ತಿದ್ದ ಲಂಬಾಣಿ ವ್ಯಾಪಾರಿಗಳೂ ಇಂಗ್ಲಿಷರಿಗೆ ದವಸ ಒದಗಿಸಿದರು. ಮರಾಠರ ದಾಳಿಗೆ ನಾಗಮಂಗಲ ಪಟ್ಟಣ ಹಾಳಾದದ್ದೂ ಇದೇ ಯುದ್ಧದಲ್ಲಿ. ಇಂದಿನ ಮಂಡ್ಯ ಜಿಲ್ಲೆಯ ಹಳ್ಳಿಗಳು ಒಂದೇ ವೇಳೆಗೆ ಮೂರು ನಾಲ್ಕು ಸೈನ್ಯಗಳ ತುಳಿತಕ್ಕೆ ಸಿಕ್ಕಿದ್ದವು.

1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸ್ ಮತ್ತೆ ಬಂದ. ಈ ಬಾರಿ ಬೀಡು ಬಿಟ್ಟದ್ದು ಹಿರೋಡೆಯ ಬಳಿ. ಫ್ರೆಂಚ್ ಸೈನಿಕರು ತಂಗಿದ್ದ ಕಾರಣಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರಾಗಿದ್ದ ಆ ಊರೇ ಇಂದಿನ ಪಾಂಡವಪುರ. ಮರುದಿನ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಪಾಳೆಯದ ಮೇಲೆ ದಾಳಿ ನಡೆಯಿತು. ಫೆಬ್ರವರಿ ನಡುವಿನಲ್ಲಿ ಪಶ್ಚಿಮದ ಕಡೆಯಿಂದ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯವೂ ಬಂದು ಸೇರಿತು. ಮಾರ್ಚ್‌ನಲ್ಲಿ ಸಂಧಿಯಾಯಿತು. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಬಿಟ್ಟುಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ.

ಸೆರೆ ಮತ್ತು ಶಿಕ್ಷೆ

ಈ ಯುದ್ಧದ ನಡುವೆ ಕಾವಸ್‌ಜಿ ಮೈಸೂರಿನವರ ಕೈಗೆ ಸಿಕ್ಕಿಬಿದ್ದ. ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಆತ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಈ ವಿವರ ಬಂದಿರುವುದು ಟಿಪ್ಪುವಿನೊಡನೆ ಯುದ್ಧ ಮಾಡುತ್ತಿದ್ದ ಪಕ್ಷದ ಬರಹದಿಂದ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಮೂಗು ಕೊಯ್ಯುವ ಶಿಕ್ಷೆ ಯಾವ ಒಬ್ಬ ದೊರೆಯ ಸೃಷ್ಟಿಯೂ ಅಲ್ಲ. 17ನೇ ಶತಮಾನದಲ್ಲಿ ಮೈಸೂರಿಗೂ ಮಧುರೆಯ ನಾಯಕರಿಗೂ ನಡೆದ ಕಾಳಗವೊಂದು ಮೂಗು ಕೊಯ್ಯುವ ಯುದ್ಧವೆಂದೇ ಹೆಸರಾಗಿತ್ತು. ದೇಶದ ನಾನಾ ಕಡೆ ಕಳ್ಳತನಕ್ಕೂ ಹಾದರದ ಆರೋಪಕ್ಕೂ ಇದೇ ದಂಡನೆ ಇತ್ತು.

ಕೈ ಹೋದವನು ದುಡಿಮೆ ಕಳೆದುಕೊಳ್ಳುತ್ತಾನೆ. ಮೂಗು ಹೋದವನು ಮಾನವನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಆ ಶಿಕ್ಷೆಯ ಹಿಂದಿನ ಲೆಕ್ಕಾಚಾರ. ಆತ ಯುದ್ಧದಲ್ಲಿ ಗಾಯಗೊಂಡವನೋ ಅಪರಾಧ ಮಾಡಿ ಸಿಕ್ಕಿಬಿದ್ದವನೋ ಎಂದು ದಾರಿಹೋಕನಿಗೆ ತಿಳಿಯುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಂಬಿದ ಸಮಾಜದಲ್ಲಿ ಮುಖ ಕೆಟ್ಟವನ ಪಾಡು ಊಹಿಸಬಹುದಾದದ್ದೇ. ಕಾವಸ್‌ಜಿ ಈ ಸ್ಥಿತಿಯಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಕಳೆದ. ಈಸ್ಟ್ ಇಂಡಿಯಾ ಕಂಪನಿ ಆತನಿಗೆ ಪಿಂಚಣಿ ನೀಡಿತು. ಹೊಟ್ಟೆಗೆ ದಾರಿಯಾಯಿತು, ಮುಖಕ್ಕೆ ಆಗಿರಲಿಲ್ಲ.

ಇಟ್ಟಿಗೆ ಸುಡುವವರ ಕುಲದ ವೈದ್ಯ

ಮುಖಕ್ಕೆ ದಾರಿ ತೋರಿದವನು ಪುಣೆಯ ಬಳಿಯ ಒಬ್ಬ ಸ್ಥಳೀಯ ಚಿಕಿತ್ಸಕ. ಇಟ್ಟಿಗೆ ಸುಡುವವರ ಕುಲದವನೆಂದು ಆತನನ್ನು ಅಂದಿನ ಬರಹ ಗುರುತಿಸುತ್ತದೆ. ನಂತರದ ಬರಹಗಾರರು ಕುಂಬಾರನೆಂದು ಕರೆದರು. ಮಣ್ಣು ಮಿದಿದ ಕೈ ಮಾಂಸಕ್ಕೂ ರೂಪ ಕೊಡಬಲ್ಲದೆಂಬುದು ಆ ಸೀಮೆಯ ಜನರಿಗೆ ಹೊಸ ಸಂಗತಿಯಾಗಿರಲಿಲ್ಲ. ಮೂಗು ಕಟ್ಟುವ ವಿದ್ಯೆ ಸುಶ್ರುತ ಸಂಹಿತೆಯಷ್ಟು ಹಳೆಯದು. ಸುಶ್ರುತ ಕೆನ್ನೆಯ ಚರ್ಮವನ್ನು ಬಳಸುವ ವಿಧಾನ ಹೇಳಿದ್ದರೆ, ಪುಣೆಯ ಚಿಕಿತ್ಸಕ ಹಣೆಯ ಚರ್ಮವನ್ನು ಬಳಸಿದ. ಗ್ರಂಥದಲ್ಲಿದ್ದ ವಿದ್ಯೆ ಪಂಡಿತರ ಕೈಯಿಂದ ಜಾರಿ, ಕುಲಕಸುಬಿನ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದು ಉಳಿದಿತ್ತು.

1793ರಲ್ಲಿ ನಡೆದ ಕಾವಸ್‌ಜಿಯ ಶಸ್ತ್ರಚಿಕಿತ್ಸೆಯ ಕ್ರಮ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಬುಡಕ್ಕೆ ಒತ್ತಿ, ಒಳ್ಳೆಯ ಮೂಗಿನ ಆಕಾರಕ್ಕೆ ತರಲಾಯಿತು. ಅದೇ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲಾಯಿತು. ದರ್ಜಿ ಬಟ್ಟೆಗೆ ಗುರುತು ಹಾಕುವಂತೆ ಎಷ್ಟು ಚರ್ಮ ಬೇಕೋ ಅಷ್ಟಕ್ಕೆ ಮಾತ್ರ ಗುರುತು. ಬಳಿಕ ಆ ಗೆರೆಯೊಳಗಿನ ಚರ್ಮವನ್ನು ಎತ್ತಲಾಯಿತು. ಆದರೆ ಪೂರ್ತಿ ಕತ್ತರಿಸಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು.

ಇಡೀ ವಿದ್ಯೆಯ ಗುಟ್ಟು ಇರುವುದು ಆ ಪಟ್ಟಿಯಲ್ಲಿ. ಹಣೆಯಿಂದ ಬಿಡಿಸಿದ ಚರ್ಮಕ್ಕೆ ಹೊಸ ಜಾಗದಲ್ಲಿ ಬೇರು ಹಿಡಿಯುವವರೆಗೆ ರಕ್ತ ಹರಿದು ಬರುವ ಕಾಲುವೆ ಅದು. ಮೂಗಿನ ಬುಡದ ಹಳೆಯ ಕಲೆಯನ್ನು ಕೆತ್ತಿ ಹಸಿ ಮಾಡಿ, ಹೊಳ್ಳೆಗಳ ಸುತ್ತ ಮತ್ತು ಮೇಲ್ದುಟಿಯ ಉದ್ದಕ್ಕೆ ಸೀಳು ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ ಅದರ ಅಂಚನ್ನು ಆ ಸೀಳಿನೊಳಗೆ ಕೂರಿಸಲಾಯಿತು. ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಜೋಡಣೆಯನ್ನು ಭದ್ರಪಡಿಸಲಾಯಿತು. ಎಲೆ ಅಡಿಕೆಯೊಡನೆ ಮೆಲ್ಲುವ ಆ ಕಾಚೇ ಅಲ್ಲಿ ಹೊಲಿಗೆಯ ಕೆಲಸ ಮಾಡಿತು.

ನಾಲ್ಕು ದಿನ ಅದನ್ನು ಮುಟ್ಟುವಂತಿರಲಿಲ್ಲ. ನಂತರ ಪಟ್ಟಿ ಬಿಚ್ಚಿ ತುಪ್ಪದಲ್ಲಿ ಅದ್ದಿದ ಬಟ್ಟೆ ಇಡಲಾಯಿತು. ಮೊದಲ ಐದಾರು ದಿನ ಅಂಗಾತ ಮಲಗಿಯೇ ಇರಬೇಕಿತ್ತು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ತುರುಕಲಾಯಿತು. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಮೂಗು ಕೆಳಗಿನ ಅಂಗಾಂಶದಿಂದಲೇ ರಕ್ತ ಪಡೆಯಲು ಕಲಿತ ಮೇಲೆ, ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಲಾಯಿತು. ಅರಿವಳಿಕೆ ಎಂಬುದು ವೈದ್ಯಲೋಕಕ್ಕೆ ಬರಲು ಆಗ ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಹಣೆಯ ಚರ್ಮ ಸುಲಿಯುವಾಗ ಎಚ್ಚರವಾಗಿಯೇ ಇದ್ದ ಆ ಮನುಷ್ಯನ ಸಹನೆಯನ್ನು ಕುಂಬಾರನ ಕೌಶಲದಷ್ಟೇ ದೊಡ್ಡದೆಂದು ಎಣಿಸಬೇಕು.

ಪುಣೆಯಿಂದ ಲಂಡನ್‌ಗೆ

ಈ ಬಗೆಯ ಶಸ್ತ್ರಚಿಕಿತ್ಸೆಯನ್ನು ಮುಂಬಯಿ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಕಣ್ಣಾರೆ ಕಂಡಿದ್ದರು. ತಮ್ಮ ಕಾಲೇಜುಗಳಲ್ಲಿ ಕಲಿಸದ ಕೆಲಸವನ್ನು ಓದು ಬರಹದ ಪದವಿಯಿಲ್ಲದ ಒಬ್ಬಾತ ಮಾಡಿ ಮುಗಿಸುವುದನ್ನು ಅವರು ನೋಡಿದರು. 1794ರ ಜನವರಿಯಲ್ಲಿ, ಅಂದರೆ ಶಸ್ತ್ರಚಿಕಿತ್ಸೆಯಾದ ಹತ್ತು ತಿಂಗಳಿಗೆ, ಪಶ್ಚಿಮ ಭಾರತದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಕಲಾವಿದ ಜೇಮ್ಸ್ ವೇಲ್ಸ್ ಕಾವಸ್‌ಜಿಯ ಭಾವಚಿತ್ರ ಬರೆದ. ರಾಜರು, ಪೇಶ್ವೆಗಳು ಕುಳಿತು ಬರೆಸಿಕೊಳ್ಳುತ್ತಿದ್ದ ಕಲಾವಿದನ ಮುಂದೆ ಎತ್ತಿನಾಳು ಕುಳಿತ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಅದರ ಕೆಳಗೆ ಬಿ.ಎಲ್. ಎಂಬ ಎರಡು ಅಕ್ಷರಗಳಷ್ಟೇ ಇದ್ದವು. ಚಿತ್ರದ ಅಚ್ಚು ಪ್ರತಿಯೊಡನೆ ಶಸ್ತ್ರಚಿಕಿತ್ಸೆಯ ಪ್ರತಿ ಹಂತವನ್ನೂ ಅದು ವಿವರಿಸಿತ್ತು. ಹೊಸ ಮೂಗು ಭದ್ರವಾಗಿ ಕೂತಿದೆ, ಸಹಜ ಮೂಗಿನಂತೆಯೇ ಕಾಣುತ್ತದೆ, ಹಣೆಯ ಕಲೆಯೂ ಕಾಲಕ್ರಮದಲ್ಲಿ ಅಷ್ಟಾಗಿ ಎದ್ದು ತೋರುವುದಿಲ್ಲ ಎಂಬುದು ಅದರ ಸಾರ. ಯೂರೋಪಿನಲ್ಲಿ 16ನೇ ಶತಮಾನದ ಇಟಲಿಯ ವೈದ್ಯ ತಾಲ್ಯಕೋತ್ಸಿ ತೋಳಿನ ಚರ್ಮದಿಂದ ಮೂಗು ಕಟ್ಟಿದ್ದ. ಆದರೆ ಆತನ ನಂತರ ಆ ವಿದ್ಯೆ ಅಲ್ಲಿ ಮರೆತುಹೋಗಿತ್ತು.

ಪತ್ರವನ್ನು ಗಂಭೀರವಾಗಿ ತೆಗೆದುಕೊಂಡವನು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ. ಮೃತದೇಹಗಳ ಮೇಲೆ ಅಭ್ಯಾಸ ಮಾಡಿ, ಭಾರತದಿಂದ ಬಂದವರನ್ನು ವಿಚಾರಿಸಿ, 1814ರ ಅಕ್ಟೋಬರ್ 23ರಂದು ಆತ ಮೊದಲ ರೋಗಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ. ಎರಡು ಯಶಸ್ವಿ ಪ್ರಯೋಗಗಳ ವಿವರವನ್ನು 1816ರಲ್ಲಿ ಪುಸ್ತಕವಾಗಿ ಹೊರತಂದ. 1818ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಗ್ರೇಫೆಯ ಗ್ರಂಥ ಬಂತು. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಭಾರತೀಯ ವಿಧಾನವೆಂದೇ ವೈದ್ಯಲೋಕದಲ್ಲಿ ನೆಲೆಯೂರಿತು. ಚರ್ಮದ ಕ್ಯಾನ್ಸರ್‌ನಿಂದಲೋ ಅಪಘಾತದಿಂದಲೋ ಮೂಗು ಕಳೆದುಕೊಂಡವರಿಗೆ ಇಂದಿಗೂ ಸುಧಾರಿತ ರೂಪದಲ್ಲಿ ಇದೇ ವಿಧಾನ ಬಳಕೆಯಲ್ಲಿದೆ.

ಕತ್ತಿಯಿಲ್ಲದ ಕತ್ತಿಯೇಟು

ಕಾವಸ್‌ಜಿಯ ಮುಖವನ್ನು ಕೆಡಿಸಿದ್ದು ಆಯುಧ. ಆಯುಧವೇ ಇಲ್ಲದೆ ಮುಖ ಕೆಡಿಸುವ ಕಾಯಿಲೆಗಳೂ ಇವೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಚರ್ಮದ ಮೇಲೆಯೇ ತಿರುಗಿಬೀಳುವುದುಂಟು. ಆಟೋಇಮ್ಯೂನ್ ಕಾಯಿಲೆಗಳೆಂದು ಇವನ್ನು ಕರೆಯುತ್ತಾರೆ. ಅವುಗಳಲ್ಲಿ ಒಂದಾದ ಲೀನಿಯರ್ ಸ್ಕ್ಲಿರೋಡರ್ಮಾ ಹಣೆಯ ಮೇಲೆ, ಕೆಲವೊಮ್ಮೆ ತಲೆಗೂದಲಿನವರೆಗೆ, ಉದ್ದನೆಯ ಗುಳಿಗೆರೆಯನ್ನು ಮೂಡಿಸುತ್ತದೆ. ಅದನ್ನು ಕಂಡ ಫ್ರೆಂಚ್ ವೈದ್ಯರು ಇಟ್ಟ ಹೆಸರಿನ ಅರ್ಥ ಕತ್ತಿಯೇಟು ಎಂದೇ. ಮುಖದ ಒಂದು ಪಾರ್ಶ್ವವೇ ಕ್ರಮೇಣ ಬತ್ತಿಹೋಗುವ ಪ್ಯಾರಿ-ರಾಂಬರ್ಗ್ ಕಾಯಿಲೆಯನ್ನೂ ಇದರ ಹತ್ತಿರದ ಸಂಬಂಧಿಯೆಂದು ಅನೇಕ ತಜ್ಞರು ಪರಿಗಣಿಸುತ್ತಾರೆ. ಲೂಪಸ್‌ನ ಒಂದು ಬಗೆಯೂ ಚರ್ಮದಡಿಯ ಕೊಬ್ಬನ್ನು ತಿಂದು ಕೆನ್ನೆಯಲ್ಲಿ ಹಳ್ಳ ಉಳಿಸಿಹೋಗುತ್ತದೆ.

ಇಂತಹ ಕಾಯಿಲೆಗಳು ಹಲವು ವೇಳೆ ಬಾಲ್ಯದಲ್ಲಿ ಇಲ್ಲವೆ ಹರೆಯದಲ್ಲಿ ಆರಂಭವಾಗುತ್ತವೆ. ಜೀವಕ್ಕೆ ಅಪಾಯವಿಲ್ಲದಿದ್ದರೂ ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಮುಖವೇ ಮೊದಲು ಎದುರಾಗುತ್ತದೆ. ಶಿಕ್ಷೆಯೂ ಅಲ್ಲದ, ಯಾರ ತಪ್ಪೂ ಅಲ್ಲದ ಗುರುತಿಗೆ ಜನರ ನೋಟಗಳು ಅರ್ಥ ಹಚ್ಚುತ್ತವೆ.

ಬತ್ತಿದ ಜಾಗಕ್ಕೆ ಕೊಬ್ಬನ್ನು ತುಂಬುವ ಯೋಚನೆ ಹೊಸದಲ್ಲ. 1893ರಲ್ಲಿ ಜರ್ಮನಿಯ ಗುಸ್ತಾವ್ ನಾಯ್ಬರ್ ತೋಳಿನಿಂದ ಕೊಬ್ಬಿನ ಸಣ್ಣ ತುಣುಕುಗಳನ್ನು ತೆಗೆದು ಮುಖದ ಗುಳಿಬಿದ್ದ ಕಲೆಯನ್ನು ತುಂಬಿದ. ದೊಡ್ಡ ತುಣುಕುಗಳು ಬದುಕುವುದಿಲ್ಲವೆಂಬುದು ಆಗಲೇ ಅನುಭವಕ್ಕೆ ಬಂದಿತ್ತು. ಕಾರಣ ಸರಳ. ಕಾವಸ್‌ಜಿಯ ಹಣೆಯ ಚರ್ಮ ತನ್ನ ರಕ್ತದ ಕಾಲುವೆಯೊಡನೆಯೇ ಕೆಳಗಿಳಿದಿತ್ತು. ಹೊಟ್ಟೆಯಿಂದ ಮುಖಕ್ಕೆ ಬರುವ ಕೊಬ್ಬಿಗೆ ಅಂತಹ ಕಾಲುವೆ ಇಲ್ಲ. ಮೊದಲ ಕೆಲವು ದಿನ ಸುತ್ತಲಿನ ಅಂಗಾಂಶದಿಂದ ಜಿನುಗುವ ಪೋಷಣೆಯಲ್ಲೇ ಅದು ಜೀವ ಹಿಡಿದುಕೊಳ್ಳಬೇಕು. ಹೊಸ ರಕ್ತನಾಳಗಳು ಬೆಳೆದು ಬಂದು ತಲುಪುವ ಮೊದಲೇ ದಪ್ಪ ಮುದ್ದೆಯ ನಡುಭಾಗ ಸತ್ತುಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೇ ಹನಿ ಹನಿಯಾಗಿ ತುಂಬುವುದು. 1970ರ ದಶಕದಲ್ಲಿ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಬಂತು. ಅಮೆರಿಕದ ಸಿಡ್ನಿ ಕೋಲ್ಮನ್ ಮುಂದಿನ ದಶಕಗಳಲ್ಲಿ ಕಸಿ ಮಾಡುವ ಕ್ರಮವನ್ನು ವ್ಯವಸ್ಥಿತಗೊಳಿಸಿದ. ಹೊಟ್ಟೆ ಅಥವಾ ತೊಡೆಯಿಂದ ಮೃದುವಾಗಿ ಹೀರಿದ ಕೊಬ್ಬಿನಿಂದ ರಕ್ತ, ಎಣ್ಣೆ, ದ್ರವವನ್ನು ಬೇರ್ಪಡಿಸಿ, ಮೊಂಡು ತುದಿಯ ಸಣ್ಣ ಕೊಳವೆಯ ಮೂಲಕ ಮುಖದ ಬೇರೆ ಬೇರೆ ಪದರಗಳಲ್ಲಿ ಎಳೆ ಎಳೆಯಾಗಿ ಬಿಡಲಾಗುತ್ತದೆ. ಪ್ರತಿ ಎಳೆಗೂ ಸುತ್ತ ಜೀವಂತ ಅಂಗಾಂಶ ಸಿಗಬೇಕೆಂಬುದು ಉದ್ದೇಶ. ನಾಟಿ ಮಾಡುವ ರೈತ ಪೈರಿನ ನಡುವೆ ಜಾಗ ಬಿಡುವ ಲೆಕ್ಕವೇ ಇಲ್ಲಿಯೂ ಇದೆ.

ತುಂಬಿದ ಕೊಬ್ಬೆಲ್ಲ ಉಳಿಯುವುದಿಲ್ಲ. ಗಣನೀಯ ಭಾಗ ತಿಂಗಳುಗಳಲ್ಲಿ ಕರಗುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಚಿಕಿತ್ಸೆ ಬೇಕಾಗುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾದದ್ದು ಕಾಯುವಿಕೆ. ಕಾಯಿಲೆ ಚುರುಕಾಗಿರುವಾಗ ಕಸಿ ಮಾಡಿದರೆ ಹೊಸ ಕೊಬ್ಬೂ ಹಳೆಯದರ ಹಾದಿ ಹಿಡಿಯಬಹುದು. ಮೊದಲು ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್‌ನಂತಹ ಔಷಧಗಳಿಂದ ಕಾಯಿಲೆಯನ್ನು ಹದ್ದಿಗೆ ತಂದು, ಅದು ಬಹುಕಾಲ ಶಾಂತವಾಗಿದೆಯೆಂದು ಖಚಿತವಾದ ಮೇಲೆ ಶಸ್ತ್ರಚಿಕಿತ್ಸೆಗೆ ಕೈಹಾಕುವುದು ವೈದ್ಯರ ಸಾಮಾನ್ಯ ಕ್ರಮ. ಅಪರೂಪಕ್ಕೆ ಕೊಬ್ಬು ರಕ್ತನಾಳಕ್ಕೆ ನುಗ್ಗಿ ದೃಷ್ಟಿಹಾನಿ, ಪಾರ್ಶ್ವವಾಯು ಉಂಟುಮಾಡಬಲ್ಲದು. ಆದ್ದರಿಂದ ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ, ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್‌ನ ಕೆಲಸ. ಮಗುವಿನ ಹಣೆಯಲ್ಲಿ ಕಾರಣವಿಲ್ಲದೆ ಗಟ್ಟಿಯಾದ, ಹೊಳೆಯುವ, ಗುಳಿಬೀಳುವ ಗೆರೆ ಕಂಡರೆ ಮುಲಾಮು ಹಚ್ಚುತ್ತ ಕೂರದೆ ಚರ್ಮರೋಗ ತಜ್ಞರ ಬಳಿ ಹೋಗುವುದು ಮೊದಲ ಹೆಜ್ಜೆ. ಹಿಂದೆ ಮರಾಠಾ ದಂಡು ಹಾಳುಗೆಡವಿದ ನಾಗಮಂಗಲದ ಸೀಮೆಯಲ್ಲೇ, ಬಿ.ಜಿ. ನಗರದಲ್ಲಿ, ಇಂದು ವೈದ್ಯಕೀಯ ಕಾಲೇಜು ಇದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೇಗ ತೋರಿಸಿದಷ್ಟೂ ತುಂಬಬೇಕಾದ ಹಳ್ಳ ಚಿಕ್ಕದಾಗಿರುತ್ತದೆ.

ಉಳಿದ ಹೆಸರು, ಉಳಿಯದ ಹೆಸರು

ದಾಖಲೆಯಲ್ಲಿ ಕಾವಸ್‌ಜಿಯ ಬಾಳು ಇರುವುದು ಎರಡು ಮೂರು ವರ್ಷಗಳಷ್ಟೇ. ಸೈನ್ಯದ ಹಿಂದೆ ನಡೆದ, ಸೆರೆ ಸಿಕ್ಕ, ಕೈ ಮೂಗು ಕಳೆದುಕೊಂಡ, ಪಿಂಚಣಿ ಪಡೆದ, ಹಣೆಯ ನೋವು ನುಂಗಿ ಹೊಸ ಮೂಗು ಪಡೆದ, ಕಲಾವಿದನ ಎದುರು ಕುಳಿತ. 1794ರ ಆ ಚಿತ್ರದ ನಂತರ ಆತ ಪುಟದಿಂದ ಮರೆಯಾಗುತ್ತಾನೆ. ಹೋದ ಕೈ ಮರಳಲಿಲ್ಲ. ಆದರೆ ಜನರ ನಡುವೆ ತಲೆ ಎತ್ತಿ ಕುಳಿತುಕೊಳ್ಳಲು ಬೇಕಾದ ಮುಖ ಮರಳಿತ್ತು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಆತನನ್ನು ಕಂಡ ವೈದ್ಯರ ಹೆಸರು ಉಳಿದಿದೆ. ಚಿತ್ರ ಬರೆದವನ ಹೆಸರು ಉಳಿದಿದೆ. ಇಪ್ಪತ್ತು ವರ್ಷಗಳ ಮೇಲೆ ಅದೇ ಕೆಲಸವನ್ನು ಲಂಡನ್ನಿನಲ್ಲಿ ಮಾಡಿದವನ ಹೆಸರೂ ಉಳಿದಿದೆ. ಮೇಣದ ಹಾಳೆ ಒತ್ತಿ, ಕಣ್ಣುಗಳ ನಡುವೆ ಆ ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಟ್ಟ ಕುಂಬಾರನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆನೆ ಕೊಟ್ಟರೂ ಬಾರದೆಂದು ಜನ ನಂಬಿದ್ದನ್ನು ಆತ ಮೇಣ, ಕಾಚು, ತುಪ್ಪದಿಂದ ಇಪ್ಪತ್ತೈದು ದಿನಗಳಲ್ಲಿ ತಂದುಕೊಟ್ಟಿದ್ದ.